ಸೊನ್ನೆ ಚುಕ್ಕಿಯ ಚೀಟಿ: ಕಾರ್ಯಸೂಚಿ ಇಲ್ಲದ ಸಭೆಯೊಂದರ ಪ್ರಕರಣ

ಮರೆವಿನ ಕಾಯಿಲೆಯವರನ್ನು, ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಗುಂಪು ಅದು. ಹೆಂಡತಿ, ಗಂಡ, ಮಗಳು, ಮಗ, ಸೊಸೆ. ಪಟ್ಟಿಯಲ್ಲಿ 14 ಹೆಸರು, ಬರುವವರು ಹತ್ತೋ ಹನ್ನೊಂದೋ. ತಿಂಗಳಿಗೊಂದು ಸಭೆ, ಒಂದೂವರೆ ಗಂಟೆ. ನಡೆಸುವವಳು ನಾನು. ಇಲ್ಲಿ ಹೇಳುತ್ತಿರುವುದು ಆ ಗುಂಪಿನ ಹತ್ತು ತಿಂಗಳ ಕಥೆ. ಯಾರ ಗುರುತೂ ಹತ್ತಬಾರದೆಂದು ನೆಂಟಸ್ತಿಕೆ, ವಯಸ್ಸು, ಉದ್ಯೋಗಗಳನ್ನು ಅದಲುಬದಲು ಮಾಡಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ. ಯಾರ ಚೀಟಿಯ ಸುತ್ತ ಈ ಬರಹ ಇದೆಯೋ ಅವರು ಓದಿ, ಎರಡು ಕಡೆ ತಿದ್ದಿ, ಆಗಬಹುದು ಎಂದ ಮೇಲೆಯೇ ಇದು ಹೊರಬಂದಿದೆ.

ಮೊದಲು ನಮ್ಮ ಸಭೆಗೆ ಕಾರ್ಯಸೂಚಿ ಇತ್ತು. ಮೂರು ತಿಂಗಳಿನದನ್ನು ಮುಂಚೆಯೇ ಅಚ್ಚು ಮಾಡಿಸಿ ಹಂಚುತ್ತಿದ್ದೆವು. ಒಬ್ಬ ತಜ್ಞರು, 40 ನಿಮಿಷದ ಭಾಷಣ, ಆಮೇಲೆ ಪ್ರಶ್ನೋತ್ತರ, ಕೊನೆಗೆ ವಂದನೆ. ಭಾಷಣಗಳು ಕೆಟ್ಟದಾಗೇನೂ ಇರಲಿಲ್ಲ. ಹಾಸಿಗೆ ಹುಣ್ಣಿನ ಬಗ್ಗೆ ಒಬ್ಬ ದಾದಿ ಹೇಳಿದ್ದು ಇವತ್ತಿಗೂ ನನಗೆ ನೆನಪಿದೆ. ಆದರೆ ಪ್ರಶ್ನೋತ್ತರದ ಹೊತ್ತಿಗೆ ಎಲ್ಲರೂ ಮೊಬೈಲಿನಲ್ಲಿ ಗಂಟೆ ನೋಡಿಕೊಳ್ಳುತ್ತಿದ್ದರು. ವಂದನೆ ಮುಗಿದದ್ದೇ ಮೆಟ್ಟಿಲ ಬಳಿ ಗುಂಪುಗೂಡಿ ಅರ್ಧ ಗಂಟೆ ನಿಂತೇ ಮಾತಾಡುತ್ತಿದ್ದರು. ಬೀಗ ಹಾಕಬೇಕಾದವಳು ನಾನು, ಕೈಯಲ್ಲಿ ಬೀಗದಕೈ ಹಿಡಿದುಕೊಂಡು ಆ ಮಾತು ಕೇಳಿಸಿಕೊಳ್ಳುತ್ತಿದ್ದೆ. ರಾತ್ರಿ ಎಷ್ಟು ಸಲ ಏಳುತ್ತೀರಿ, ಅಣ್ಣ ತಮ್ಮಂದಿರು ದುಡ್ಡು ಕೊಡುತ್ತಾರಾ, ನಿಮ್ಮನ್ನು ಗುರುತು ಹಿಡಿಯುತ್ತಾರಾ ಈಗಲೂ. ಇದರಲ್ಲಿ ಒಂದೂ ಒಳಗೆ ಬಂದಿರಲಿಲ್ಲ.

ಇದು ನಾನೊಬ್ಬಳೇ ಕಂಡುಕೊಂಡ ಸತ್ಯವಲ್ಲ. ಅಮೆರಿಕದ ಹ್ಯಾರಿಸನ್ ಓವೆನ್ 1983ರಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ವರ್ಷವಿಡೀ ದುಡಿದರು. ಮುಗಿದ ಮೇಲೆ ನೋಡಿದರೆ ಬಂದವರಿಗೆ ಹಿಡಿಸಿದ್ದು ನಡುವಿನ ಕಾಫಿ ವಿರಾಮ. ಅವರು ಏನೂ ಏರ್ಪಾಡು ಮಾಡದೆ ಬಿಟ್ಟಿದ್ದ ಭಾಗವೂ ಅದೊಂದೇ. ಎರಡು ವರ್ಷದ ನಂತರ, 1985ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ, ಗೋಡೆಯನ್ನು ಖಾಲಿ ಬಿಟ್ಟು, ವಿಷಯ ಯಾರಿಗಿದೆಯೋ ಅವರೇ ಎದ್ದು ಬರೆದು ಅಂಟಿಸಿ ಎಂದರು. ಓಪನ್ ಸ್ಪೇಸ್ ಎಂಬ ಪದ್ಧತಿ ಹುಟ್ಟಿದ್ದು ಹಾಗೆ. ನಾನು ಅದನ್ನು ಓದಿ ಹುರುಪುಗೊಂಡೆ. ಮುಂದಿನ ತಿಂಗಳ ಕಾರ್ಯಸೂಚಿಯನ್ನು ಅಚ್ಚಿಗೆ ಕಳಿಸಲಿಲ್ಲ.

ಖಾಲಿ ಹಾಳೆಯ ಎರಡು ಸಭೆ

ಮೊದಲ ಸಭೆಯಲ್ಲಿ ನಾನು ಹೇಳಿದ್ದು ಒಂದೇ ಮಾತು. "ಇವತ್ತು ಭಾಷಣ ಇಲ್ಲ. ಏನು ಮಾತಾಡಬೇಕು ಅನ್ನೋದನ್ನ ನೀವೇ ಹೇಳಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಒಬ್ಬರು ಕೈಚೀಲದ ಜಿಪ್ಪು ಎಳೆದು ಮುಚ್ಚಿದರು, ಮತ್ತೆ ಎಳೆದರು. ಕೊನೆಗೆ ಒಬ್ಬ ಹೆಂಗಸು ನಕ್ಕು, "ನೀವೇ ಏನಾದ್ರೂ ಹೇಳಿ ಮೇಡಂ, ನಮಗೇನು ಗೊತ್ತಾಗತ್ತೆ" ಎಂದರು. ಮೆಟ್ಟಿಲ ಬಳಿ ಅತಿ ಹೆಚ್ಚು ಮಾತಾಡುತ್ತಿದ್ದವರೇ ಅವರು.

ವಿಲ್ಫ್ರೆಡ್ ಬಯಾನ್ ಎಂಬ ಮನೋವೈದ್ಯರು 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಇಂಥ ಗುಂಪುಗಳ ಜೊತೆ ಕೂತವರು. ಡಾಕ್ಟರು ಏನಾದರೂ ಹೇಳಲಿ ಎಂದು ಜನ ಕಾಯುತ್ತಿದ್ದರೆ ಇವರು ತಾವಾಗಿ ಮುಂದಾಳತ್ವ ವಹಿಸದೆ ಸುಮ್ಮನಿರುತ್ತಿದ್ದರು. ಜನ ಗಲಿಬಿಲಿಗೊಳ್ಳುತ್ತಿದ್ದರು, ರೇಗುತ್ತಿದ್ದರು. ಯಾರೋ ಒಬ್ಬರು ನಮ್ಮನ್ನು ದಡ ಸೇರಿಸುತ್ತಾರೆ ಎಂಬ ನಂಬಿಕೆಯಲ್ಲೇ ಗುಂಪು ತನ್ನ ಕೆಲಸ ಬಿಟ್ಟು ಕೂರುವ ಈ ಸ್ಥಿತಿಗೆ ಅವರು ಅವಲಂಬನೆ ಎಂದೇ ಹೆಸರಿಟ್ಟರು. ಬಯಾನರಿಗೆ ಆ ಮೌನವನ್ನು ಸಹಿಸುವ ಗುಂಡಿಗೆ ಇತ್ತು. ಅದನ್ನು ಅಧ್ಯಯನ ಮಾಡುವುದೇ ಅವರ ಕೆಲಸವೂ ಆಗಿತ್ತು. ನಮ್ಮಲ್ಲಿಗೆ ಬಂದವರಾದರೋ ಮನೆಯಲ್ಲಿ ಅಕ್ಕಪಕ್ಕದವರನ್ನು ಕಾಡಿಬೇಡಿ ಕೂರಿಸಿ ಒಂದೂವರೆ ಗಂಟೆ ಬಿಡುವು ಮಾಡಿಕೊಂಡು ಬಂದವರು. ಅವರ ಆ ಹೊತ್ತನ್ನು ಮೌನದಲ್ಲಿ ಕಳೆಯುವ ಹಕ್ಕು ನನಗಿರಲಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಹಳೇ ಚಾಳಿಗೆ ಮರಳಿದಂತಾಗುತ್ತದೆ ಎಂದುಕೊಂಡೆ.

ಖಾಲಿ ಜಾಗ ಖಾಲಿ ಉಳಿಯಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರಿದ್ದರು, ಹೆಂಡತಿಗೆ ಮರೆವಿನ ಕಾಯಿಲೆ. ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ದಿನಚರಿ ಹೇಗಿರಬೇಕು, ಔಷಧಿ ಡಬ್ಬಿಗೆ ಯಾವ ಬಣ್ಣದ ಚೀಟಿ ಅಂಟಿಸಬೇಕು, ತಾವು ಹೇಗೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ 40 ನಿಮಿಷ ಹೇಳಿದರು. ತಜ್ಞರ ಭಾಷಣ ತೆಗೆದುಹಾಕಿದ್ದೆ. ಅದೇ ಅಳತೆಯ ಇನ್ನೊಂದು ಭಾಷಣ ಅದೇ ಕುರ್ಚಿಗೆ ಬಂದು ಕೂತಿತ್ತು. ಎರಡನೇ ತಿಂಗಳೂ ಹಾಗೇ ಆಯಿತು, ಈ ಸಲ ಮೇಷ್ಟ್ರ ಜೊತೆಗೆ ಬ್ಯಾಂಕಿನ ಅಧಿಕಾರಿಯೊಬ್ಬರು ಸೇರಿಕೊಂಡರು. ಬಂದವರು ಏಳು ಜನ.

ಅಮೆರಿಕದ ಮಹಿಳಾ ಚಳವಳಿಯಲ್ಲಿದ್ದ ಜೋ ಫ್ರೀಮನ್ 1970ರಲ್ಲಿ ತಮ್ಮದೇ ಸಂಗಾತಿಗಳಿಗೆ ಒಂದು ಖಾರದ ಮಾತು ಹೇಳಿದ್ದರು. ನಾಯಕರಿಲ್ಲ, ನಿಯಮವಿಲ್ಲ ಎಂದು ಹೆಮ್ಮೆಪಡುವ ಗುಂಪಿನಲ್ಲೂ ಒಂದು ಕಟ್ಟುಪಾಡು ಇದ್ದೇ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಾಣದ್ದರಿಂದ ಅದನ್ನು ಪ್ರಶ್ನಿಸುವವರೂ ಇರುವುದಿಲ್ಲ. ನಮ್ಮ ಕೋಣೆಯಲ್ಲಿದ್ದ ಕಾಣದ ನಿಯಮ ಬಹಳ ಸರಳವಾಗಿತ್ತು: ಮೌನಕ್ಕೆ ಅಂಜದವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅಚ್ಚು ಮಾಡಿದ ಕಾರ್ಯಸೂಚಿಯನ್ನಾದರೂ ಯಾರಾದರೂ ತಕರಾರು ಮಾಡಬಹುದಿತ್ತು.

ಚೀಟಿ, ಚುಕ್ಕಿ, ಗಡಿಯಾರ

ಓಪನ್ ಸ್ಪೇಸಿನಲ್ಲಿ ಇದಕ್ಕೊಂದು ಮದ್ದಿದೆ. ಕೂತ ಕಡೆ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ನಡೆ ಎನ್ನುತ್ತಾರೆ. ಎರಡು ಕಾಲಿನ ನಿಯಮ ಎಂದು ಅದರ ಹೆಸರು. ನೂರು ಜನ, ಹತ್ತು ಮೂಲೆ ಇದ್ದರೆ ಸರಿ. ನಮ್ಮದು ಒಂದೇ ಕೋಣೆ, ಒಂದೇ ಸುತ್ತು. ಎದ್ದರೆ ಹೋಗುವುದು ಮನೆಗೇ. ಆ ಏಳು ಜನದ ಲೆಕ್ಕ ನೋಡಿದರೆ ಕೆಲವರು ಆ ನಿಯಮವನ್ನು ಕೇಳದೆಯೇ ಪಾಲಿಸಿದ್ದರು ಅನ್ನಬಹುದು.

ಹಾಗಾಗಿ ಮೂರನೇ ತಿಂಗಳು ಲೀನ್ ಕಾಫಿ ಎಂಬ ಸಭೆಯ ಪದ್ಧತಿ ತಂದೆ. ಸಿಯಾಟಲ್‌ನಲ್ಲಿ 2009ರಲ್ಲಿ ಜಿಮ್ ಬೆನ್ಸನ್, ಜೆರೆಮಿ ಲೈಟ್‌ಸ್ಮಿತ್ ಎಂಬಿಬ್ಬರು ಶುರು ಮಾಡಿದ್ದು. ಸಾಫ್ಟ್‌ವೇರ್ ಜನರ ನಡುವೆ ಬೆಳೆದದ್ದಾದರೂ ಅದಕ್ಕೆ ಕಂಪ್ಯೂಟರು ಬೇಕಿಲ್ಲ. ಬಂದವರು ತಮಗೆ ಬೇಕಾದ ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆಯುತ್ತಾರೆ. ಪ್ರತಿ ಚೀಟಿಯನ್ನೂ ಒಂದೆರಡು ವಾಕ್ಯದಲ್ಲಿ ಪರಿಚಯಿಸಲಾಗುತ್ತದೆ. ಪ್ರತಿಯೊಬ್ಬರಿಗೂ ಎರಡು ಮತ, ಇಷ್ಟವಾದ ಚೀಟಿಯ ಮೇಲೆ ಪೆನ್ನಿನಿಂದ ಚುಕ್ಕಿ ಇಡಬೇಕು. ಹೆಚ್ಚು ಚುಕ್ಕಿ ಬಿದ್ದದ್ದು ಮೊದಲು. ಬೋರ್ಡಿನ ಮೇಲೆ ಮೂರು ಸಾಲು: ಮಾತಾಡಬೇಕಾದ್ದು, ಈಗ ಮಾತಾಡುತ್ತಿರುವುದು, ಮುಗಿದದ್ದು. ಗಡಿಯಾರ ಎಂಟು ನಿಮಿಷಕ್ಕೆ ಹೊಡೆಯುತ್ತದೆ. ಆಗ ಎಲ್ಲರೂ ಹೆಬ್ಬೆರಳು ತೋರಿಸಬೇಕು: ಮೇಲೆ ಎಂದರೆ ಇನ್ನೂ ಮಾತಾಡೋಣ, ಕೆಳಗೆ ಎಂದರೆ ಸಾಕು, ಅಡ್ಡ ಎಂದರೆ ಹೇಗಾದರೂ ಸರಿ. ಮುಂದುವರಿಸುವುದಾದರೆ ಇನ್ನೈದು ನಿಮಿಷ.

ಫಲ ಆ ದಿನವೇ ಕಾಣಿಸಿತು. ಬಂದ ಒಂಬತ್ತು ಜನರೂ ಮಾತಾಡಿದರು. ಮೇಷ್ಟ್ರು ಬಣ್ಣದ ಚೀಟಿಯ ವಿಷಯವನ್ನೇ ಬರೆದಿದ್ದರು, ಎರಡು ಚುಕ್ಕಿ ಬಿತ್ತು, ಅವರದೇ ಎರಡೂ. ಅವರು ನಕ್ಕರು, ಎಲ್ಲರೂ ನಕ್ಕರು. ನನಗೆ ಹೇಳಿ ಬಿಡಿಸಲಾಗದ್ದನ್ನು ಪೆನ್ನಿನ ಎರಡು ಚುಕ್ಕಿ ಬಿಡಿಸಿತ್ತು. ಸಂಜೆಯಾದರೆ ಸಾಕು "ಮನೆಗೆ ಹೋಗಬೇಕು" ಎಂದು ತಮ್ಮದೇ ಮನೆಯ ಬಾಗಿಲು ಬಡಿಯುವ ಅಪ್ಪನನ್ನು ಏನು ಮಾಡುವುದು ಎಂದು ಒಬ್ಬ ಮಗ ಬರೆದಿದ್ದ. ಐವರು ಐದು ಉಪಾಯ ಹೇಳಿದರು. ವಾದಿಸಬೇಡಿ, "ಆಯ್ತು ಹೋಗೋಣ" ಎಂದು ಕೈ ಹಿಡಿದು ಒಂದು ಸುತ್ತು ನಡೆಸಿ ವಾಪಸು ಕರೆತನ್ನಿ ಎಂದದ್ದು ಅಲ್ಲಿಯವರೆಗೆ ಬಾಯೇ ಬಿಡದಿದ್ದ ಹೆಂಗಸು.

ನಾಲ್ಕನೇ ತಿಂಗಳು ಹನ್ನೊಂದು ಜನ ಬಂದರು. ನಾನು ಬೀಗದಕೈ ಹಿಡಿದು ಮೆಟ್ಟಿಲ ಬಳಿ ನಿಂತೆ. ಎಲ್ಲರೂ ನೇರ ಮನೆಗೆ ಹೋದರು. ಗೆದ್ದೆ ಎಂದುಕೊಂಡೆ.

ಐದನೇ ಸಭೆ

ಅವತ್ತೂ ಹನ್ನೊಂದು ಜನ. ಚೀಟಿಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ನಾನೇ ಓದಿದೆ. ಕೆಲವರಿಗೆ ತಮ್ಮ ಚೀಟಿಯನ್ನು ತಾವೇ ಪರಿಚಯಿಸಲು ಸಂಕೋಚ ಎಂದು ಆ ತಿಂಗಳಿಂದ ಮಾಡಿಕೊಂಡ ಬದಲಾವಣೆ ಅದು. "ರಾತ್ರಿ ನಿದ್ದೆ ಇಲ್ಲ." "ಗಾಲಿಕುರ್ಚಿಯ ಬ್ರೇಕು ಹಿಡಿಯುವುದಿಲ್ಲ." "ಊಟ ಉಗುಳುತ್ತಾರೆ." "ಹೊಡೆದುಬಿಟ್ಟೆ." "ಅಣ್ಣ ಬರುವುದೇ ಇಲ್ಲ."

ಇಲ್ಲಿ ಬರೆದಷ್ಟೇ ಸರಾಗವಾಗಿ ಓದಿದೆ. ಬ್ರೇಕಿಗೂ ಊಟಕ್ಕೂ ಇದ್ದ ದನಿಯೇ ಅದಕ್ಕೂ. ಕೋಣೆಯಲ್ಲಿ ಏನಾದರೂ ಅಲುಗಾಡಿತೇ ಎಂದು ಆಮೇಲೆ ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ. ನಾನು ಮುಂದಿನ ಚೀಟಿ ಎತ್ತಿಕೊಳ್ಳುತ್ತಿದ್ದೆ.

ಎಲ್ಲರೂ ಪೆನ್ನು ಹಿಡಿದು ಮೇಜಿನ ಸುತ್ತ ಬಂದರು. ನಿದ್ದೆಗೆ ಆರು ಚುಕ್ಕಿ, ಗಾಲಿಕುರ್ಚಿಗೆ ಐದು, ಅಣ್ಣನಿಗೆ ನಾಲ್ಕು. ಗಾಲಿಕುರ್ಚಿಯ ಬ್ರೇಕಿನ ಬಗ್ಗೆ ಹದಿಮೂರು ನಿಮಿಷ ಮಾತಾಡಿದೆವು. ಎಲ್ಲರಿಗೂ ಅಭಿಪ್ರಾಯವಿತ್ತು. ಗಾಲಿಕುರ್ಚಿಯೇ ಇಲ್ಲದ ಮನೆಯವರಿಗೂ ಇತ್ತು. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1957ರಲ್ಲೇ ಇದನ್ನು ಗೇಲಿ ಮಾಡಿದ್ದರು: ಪರಮಾಣು ಸ್ಥಾವರದ ವಿಷಯವನ್ನು ಸಮಿತಿ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತದೆ, ಸೈಕಲ್ ನಿಲ್ಲಿಸುವ ಚಪ್ಪರದ ಮುಂದೆ ಮುಕ್ಕಾಲು ಗಂಟೆ ಕೂರುತ್ತದೆ. ಗೊತ್ತಿರುವುದರ ಬಗ್ಗೆ ಮಾತಾಡುವುದು ಸುಲಭ, ಅಷ್ಟೇ.

ಎಲ್ಲರೂ ಹೊರಟ ಮೇಲೆ ಚೀಟಿಗಳನ್ನು ಒಟ್ಟು ಮಾಡಿದೆ. ಒಂದರ ಮೇಲೆ ಮಾತ್ರ ಒಂದು ಚುಕ್ಕಿಯೂ ಇರಲಿಲ್ಲ. "ಹೊಡೆದುಬಿಟ್ಟೆ." ನೀಲಿ ಬಾಲ್‌ಪೆನ್ನು. ಕೊನೆಯ ಅಕ್ಷರವನ್ನು ಎಷ್ಟು ಒತ್ತಿ ಬರೆದಿದ್ದರೆಂದರೆ ಚೀಟಿ ತಿರುಗಿಸಿದರೆ ಹಿಂದೆ ಬೆರಳಿಗೆ ತಾಗುತ್ತಿತ್ತು. ಬರೆದವರು ತಮ್ಮ ಮತವನ್ನೂ ಅದಕ್ಕೆ ಹಾಕಿಕೊಂಡಿರಲಿಲ್ಲ.

ಆಗ ನನಗೆ ಹೊಳೆದದ್ದು ಎರಡು. ಒಂದು, ಯಾರೋ ಒಬ್ಬರು ಎಲ್ಲರೆದುರು ಕೈ ಚಾಚಿದ್ದರು, ಉಳಿದ ಹನ್ನೊಂದು ಜನ ನಾವು ಅದನ್ನು ದಾಟಿಕೊಂಡು ಬ್ರೇಕಿನ ಕಡೆ ಹೋಗಿದ್ದೆವು. ಎರಡನೆಯದು ಇನ್ನೂ ಭಾರವಾದದ್ದು: ಎಲ್ಲೋ ಒಂದು ಮನೆಯಲ್ಲಿ ಏಳಲಾಗದ ಜೀವವೊಂದು ಏಟು ತಿಂದಿದೆ. ಸಭೆ ಬಂದವರದು, ವಿಷಯ ಅವರದು, ಎಲ್ಲ ನಿಜ. ಆದರೆ ಆ ಹಾಸಿಗೆಯಲ್ಲಿ ಮಲಗಿರುವವರಿಗೆ ನಮ್ಮ ಸಭೆಯಲ್ಲಿ ಮತವಿಲ್ಲ. ಅವರ ಪರವಾಗಿ ಕೇಳುವ ಹೊಣೆ ಯಾರದು? ಹೆಬ್ಬೆರಳು ಎತ್ತಿ ತೀರ್ಮಾನಿಸುವ ಸಂಗತಿ ಅಲ್ಲ ಅದು. ನನ್ನದೇ.

ಮಾರನೇ ದಿನದಿಂದ ಹನ್ನೊಂದು ಜನಕ್ಕೂ ಫೋನು ಮಾಡಿದೆ. ಒಬ್ಬರಿಗೇ ಮಾಡಿದರೆ ಅನುಮಾನಪಟ್ಟಂತಾಗುತ್ತದೆ. ಎಲ್ಲರನ್ನೂ ಒಂದೇ ಥರ ಕೇಳಿದೆ: "ನಿನ್ನೆ ಒಂದು ಚೀಟಿ ಹಾಗೇ ಉಳಿದುಬಿಟ್ಟಿತು, ನಾನು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನೀವು ಹೇಗಿದ್ದೀರಿ?" ಏಳನೇ ಕರೆಯಲ್ಲಿ ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಕುಕ್ಕರ್ ಕೂಗಿ ನಿಂತಿತು. ಆಮೇಲೆ, "ಅದು ನಂದು ಮೇಡಂ."

ಅತ್ತೆಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವ ಸೊಸೆ. ಬೆಳಗಿನ ಜಾವ ಮೂರಕ್ಕೆ ಬಟ್ಟೆ ಬದಲಿಸುವಾಗ ಅತ್ತೆ ಕೈ ಚಿವುಟಿ ಹಿಡಿದರಂತೆ, ಬಿಡಿಸಿಕೊಳ್ಳಲು ಹೋಗಿ ಆ ಕೈಗೆ ಹೊಡೆದರಂತೆ. ಒಂದು ಸಲ. ಆಮೇಲೆ ಬೆಳಗಾಗುವತನಕ ಆ ಕೈ ಹಿಡಿದುಕೊಂಡು ಕೂತಿದ್ದರಂತೆ. "ಅವರಿಗೆ ನೆನಪಿಲ್ಲ ಮೇಡಂ. ನನಗಿದೆ." ಬಾವು, ಗಾಯ ಏನಾದರೂ ಆಗಿದೆಯೇ, ಮತ್ತೆ ಹಾಗಾಗಬಹುದು ಅನ್ನಿಸುತ್ತಿದೆಯೇ, ರಾತ್ರಿ ಪಾಳಿ ಹಂಚಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ಸುತ್ತಿ ಬಳಸಿ ಕೇಳಿದರೆ ಇಬ್ಬರಿಗೂ ಕಷ್ಟ. ಎರಡು ದಿನ ಬಿಟ್ಟು ಹೋಗಿ ಅತ್ತೆಯನ್ನೂ ನೋಡಿ ಬಂದೆ. ಗಂಡ ರಾತ್ರಿಯ ಒಂದು ಸರದಿ ತಾನು ಏಳುವುದಾಗಿ ಒಪ್ಪಿದರು. ಅವರಿಗೆ ಅಲ್ಲಿಯವರೆಗೆ ವಿಷಯವೇ ಗೊತ್ತಿರಲಿಲ್ಲ.

ಫೋನು ಇಡುವ ಮುಂಚೆ ಆಕೆ ಹೇಳಿದ ಮಾತು ಈ ಪ್ರಕರಣದ ತಿರುಳು. "ಯಾರೂ ಚುಕ್ಕಿ ಇಡಲಿಲ್ಲ ಅಂದಾಗ, ಓ, ಇಷ್ಟು ಜನರಲ್ಲಿ ನಾನೊಬ್ಬಳೇ ಇಂಥವಳು ಅಂದುಕೊಂಡೆ."

ಅದು ಸುಳ್ಳು ಎಂದು ನನಗೆ ಆ ಹೊತ್ತಿಗಾಗಲೇ ಗೊತ್ತಿತ್ತು. ಮುಂಚಿನ ಆರು ಕರೆಗಳಲ್ಲಿ ಮೂವರು ಆ ಚೀಟಿಯ ಮಾತೆತ್ತಿದೊಡನೆ ತಮ್ಮದನ್ನು ಹೇಳಿಕೊಂಡಿದ್ದರು. ಒಬ್ಬರು ಜೋರಾಗಿ ತಳ್ಳಿದ್ದರು. ಒಬ್ಬರು ಕಿರುಚಾಡಿ ಬಾಗಿಲು ಹಾಕಿಕೊಂಡಿದ್ದರು. ಇನ್ನೊಬ್ಬರು ಹೇಳಿದ್ದು: "ನೀವು ಓದಿದಾಗ ಎದೆ ಧಸಕ್ ಅಂತು. ಚುಕ್ಕಿ ಇಡೋಣ ಅಂತ ಕೈ ಮುಂದೆ ಹೋಯ್ತು. ಪಕ್ಕದಲ್ಲಿ ಎಲ್ಲರೂ ನಿಂತಿದ್ದರಲ್ಲ, ಗಾಲಿಕುರ್ಚಿಗೆ ಇಟ್ಟೆ."

ಎಲ್ಲರ ಕಣ್ಣೆದುರು ಇಡುವ ಚುಕ್ಕಿ ನಮಗೆ ಏನು ಬೇಕು ಎಂಬುದನ್ನು ಹೇಳುವುದಿಲ್ಲ, ಏನು ಬೇಕೆಂದು ಕಾಣಿಸಿಕೊಳ್ಳಲು ನಾವು ತಯಾರಿದ್ದೇವೆ ಎಂಬುದನ್ನು ಹೇಳುತ್ತದೆ. ಲೀನ್ ಕಾಫಿ ಹುಟ್ಟಿದ್ದು ಕೆಲಸದ ಮಾತಿಗೆ. ಅಲ್ಲಿ ಚುಕ್ಕಿ ಇಟ್ಟರೆ ಯಾರ ಮಾನವೂ ಹೋಗುವುದಿಲ್ಲ. ನಮ್ಮ ಮೇಜಿನ ಮೇಲೆ ಆ ಚೀಟಿಗೆ ಚುಕ್ಕಿ ಇಡುವುದೆಂದರೆ ತಪ್ಪೊಪ್ಪಿಗೆಗೆ ರುಜು ಹಾಕಿದಂತೆ. ಮೊದಲು ಕಾರ್ಯಸೂಚಿ ನನ್ನ ಕೈಯಲ್ಲಿತ್ತು, ಆಮೇಲೆ ಮೇಷ್ಟ್ರ ಗಂಟಲಿಗೆ ಹೋಯಿತು, ಈಗ ನಾಚಿಕೆಯ ಕೈಗೆ ಸಿಕ್ಕಿತ್ತು. ಕಾರ್ಯಸೂಚಿ ಇಲ್ಲದ ಸಭೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಆ ಕಾರ್ಯಸೂಚಿ ಒಂದು ದಿನವೂ ಇಲ್ಲದೆ ಇರಲಿಲ್ಲ. ಮೆಟ್ಟಿಲ ಬಳಿ ಯಾರೂ ನಿಲ್ಲದೆ ಹೋದದ್ದನ್ನು ಗೆಲುವು ಎಂದುಕೊಂಡಿದ್ದೆ. ಹೇಳಲಾಗದ್ದನ್ನು ಹೇಳಿಕೊಳ್ಳಲು ಇದ್ದ ಒಂದೇ ಜಾಗವೂ ಹೋಗಿತ್ತೇನೋ.

ನಿಯಮ ತಿದ್ದಿದವರು

ಆರನೇ ಸಭೆಗೆ ಮೊದಲು ನಾಲ್ಕು ಹೊಸ ನಿಯಮ ಬರೆದಿಟ್ಟುಕೊಂಡಿದ್ದೆ. ಹಿಂದಿನ ರಾತ್ರಿ ಹರಿದು ಹಾಕಿದೆ. ಮನೋವಿಜ್ಞಾನಿ ಕರ್ಟ್ ಲೆವಿನ್ ನೆನಪಾಗಿದ್ದರು. 1946ರ ಬೇಸಿಗೆಯಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅವರೊಂದು ಕಾರ್ಯಾಗಾರ ನಡೆಸುತ್ತಿದ್ದರು. ಹಗಲು ಗುಂಪುಗಳ ಚರ್ಚೆ, ಸಂಜೆ ಸಂಶೋಧಕರಷ್ಟೇ ಕೂತು ಯಾರು ಹೇಗೆ ನಡೆದುಕೊಂಡರು ಎಂದು ಟಿಪ್ಪಣಿ ಒಪ್ಪಿಸುವುದು. ಒಂದು ಸಂಜೆ ಶಿಬಿರಾರ್ಥಿಗಳು ಕೆಲವರು ನಾವೂ ಕೂರಬಹುದೇ ಎಂದರು. ಕೂತರು, ತಮ್ಮ ಬಗ್ಗೆಯೇ ಓದಿದ್ದನ್ನು ಕೇಳಿ ಹಾಗಲ್ಲ ಹೀಗೆ ಎಂದು ತಿದ್ದತೊಡಗಿದರು. ಇಡೀ ಕಾರ್ಯಾಗಾರದಲ್ಲಿ ಜೀವಂತವಾದ ಭಾಗ ಅದೇ ಆಗಿ, ಮುಂದೆ ಟಿ-ಗ್ರೂಪ್ ಎಂಬ ತರಬೇತಿ ಪದ್ಧತಿಗೆ ಅದೇ ಬೀಜವಾಯಿತು. ನನ್ನ ಸಭೆಯ ವಿಷಯವನ್ನು ಜನ ಆರಿಸುತ್ತಿದ್ದರು. ಹೇಗೆ ಆರಿಸಬೇಕು ಎಂಬುದನ್ನು ಮಾತ್ರ ನಾನು ಮೂರು ಸಲ ಮೂರು ಥರ ತೀರ್ಮಾನಿಸಿದ್ದೆ, ಒಂದು ಸಲವೂ ಕೇಳಿರಲಿಲ್ಲ.

ಚೀಟಿ ಯಾರದು, ಫೋನಿನಲ್ಲಿ ಯಾರು ಏನೆಂದರು ಎಂಬುದನ್ನು ಬಿಟ್ಟು, ನನ್ನ ತಪ್ಪನ್ನಷ್ಟೇ ಸಭೆಯ ಮುಂದಿಟ್ಟೆ. ಸೊನ್ನೆ ಚುಕ್ಕಿ ಅಂದರೆ ಯಾರಿಗೂ ಬೇಡ ಎಂದು ನಾನು ತಿಳಿದುಕೊಂಡೆ, ಅದು ಹಾಗಲ್ಲ ಅನ್ನಿಸುತ್ತಿದೆ, ಏನು ಮಾಡೋಣ ಎಂದೆ. ಈ ಸಲ ಯಾರೂ ನನ್ನ ಮುಖ ನೋಡಲಿಲ್ಲ.

ಬ್ಯಾಂಕಿನವರು ಗುಟ್ಟಿನ ಮತ ಸೂಚಿಸಿದರು. ಪ್ರತಿ ಚೀಟಿಗೂ ಒಂದು ಸಂಖ್ಯೆ, ಎಲ್ಲರೂ ತುಂಡು ಕಾಗದದ ಮೇಲೆ ಎರಡು ಸಂಖ್ಯೆ ಬರೆದು ಡಬ್ಬಿಗೆ ಹಾಕುವುದು. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ. "ಅಪ್ಪ ಬಾಗಿಲು ಬಡಿಯುತ್ತಾರೆ" ಎಂದು ಬರೆದಿದ್ದ ಹುಡುಗ ಹೇಳಿದ್ದು ಮೂಲೆ ಮಡಚುವ ಉಪಾಯ. ಮತ ಬೀಳಲಿ ಬಿಡಲಿ, ಈ ಮಾತು ನನಗೆ ಆಡಲೇಬೇಕು ಅನ್ನಿಸಿದರೆ ಚೀಟಿಯ ಮೂಲೆ ಮಡಚಿ ಇಡುವುದು. ಕೊನೆಯ 20 ನಿಮಿಷ ಮಡಚಿದ ಚೀಟಿಗಳದು. ಸಭೆಯಲ್ಲಿ ಬೇಡ, ನನ್ನೊಬ್ಬಳ ಹತ್ತಿರ ಸಾಕು ಎಂದರೆ ಎರಡು ಮೂಲೆ ಮಡಚುವುದು.

ಹೆಬ್ಬೆರಳಿನ ಮೇಲೆ ದೊಡ್ಡ ಜಗಳವೇ ಆಯಿತು. ಅಳುತ್ತಿರುವವರ ಎದುರು ಯಾರು ತಾನೇ ಹೆಬ್ಬೆರಳು ಕೆಳಗೆ ತೋರಿಸುತ್ತಾರೆ ಎಂದರು ಒಬ್ಬರು. ಹಾಗಂತ ತೋರಿಸದೇ ಇದ್ದರೆ ಎಲ್ಲ ಸಭೆಯೂ ಅಳುವಿನಲ್ಲೇ ಮುಗಿಯುತ್ತೆ, ನನಗೆ ಬ್ರೇಕಿನ ಮಾತೂ ಬೇಕು ಎಂದರು ಇನ್ನೊಬ್ಬರು. ಇಬ್ಬರೂ ಸರಿ. ಕಡೆಗೆ ಒಪ್ಪಿದ್ದು: ಗಡಿಯಾರದ ಗಂಟೆ ತೆಗೆದು ಮರಳು ಗಡಿಯಾರ ಇಡುವುದು, ಮರಳು ಇಳಿದ ಮೇಲೆ ಮೊದಲು ಚೀಟಿ ಬರೆದವರನ್ನು "ಸಾಕಾ, ಬೇಕಾ?" ಎಂದು ಕೇಳುವುದು, ಬೆರಳು ಆಮೇಲೆ.

ನಾನು ಸೇರಿಸಿದ್ದು ಒಂದೇ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಆದರೆ ಯಾರದಾದರೂ ಮೈಗೆ, ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ನಾನು ಸುಮ್ಮನಿರಲಾರೆ, ಮೊದಲು ನಿಮಗೇ ಹೇಳಿ ಆಮೇಲೆ ಬೇರೆಯವರ ನೆರವು ಕೇಳುತ್ತೇನೆ. ಇದನ್ನು ಪ್ರತಿ ಸಭೆಯ ಆರಂಭದಲ್ಲೂ ಹೇಳುತ್ತೇನೆ, ಹಳಬರೇ ಇದ್ದರೂ. ಇದು ಮತಕ್ಕೆ ಹಾಕುವ ನಿಯಮವಲ್ಲ ಎಂದೂ ಹೇಳಿದೆ. ಗೊಣಗುತ್ತಾರೇನೋ ಅಂದುಕೊಂಡಿದ್ದೆ. ಯಾರೂ ಗೊಣಗಲಿಲ್ಲ.

ಇಷ್ಟಕ್ಕೆ ಮುಕ್ಕಾಲು ಗಂಟೆ ಹೋಗಿತ್ತು. ಉಳಿದ ಹೊತ್ತಿಗೆ ಚೀಟಿ ಬರೆದರು, ಡಬ್ಬಿಗೆ ಸಂಖ್ಯೆ ಹಾಕಿದರು. ಹತ್ತು ಜನ, 20 ಮತ. ನಾಲ್ಕನೇ ಸಂಖ್ಯೆಯ ಚೀಟಿಗೆ ಏಳು ಬಿದ್ದವು. "ಕೈ ಮಾಡಿದ್ದು" ಎಂದಿತ್ತು. ಬೇರೆ ಕೈಬರಹ.

ಆ ಚೀಟಿ ಬರೆದವರು ಯಾರೆಂದು ಇವತ್ತಿಗೂ ಯಾರೂ ಕೇಳಿಲ್ಲ. ಸ್ವಲ್ಪ ಹೊತ್ತು ಮರಳು ಇಳಿಯುವುದನ್ನೇ ಎಲ್ಲರೂ ನೋಡುತ್ತಿದ್ದರು. ಮೊದಲು ಮಾತಾಡಿದವರು ಮೇಷ್ಟ್ರು. ಗಂಟಲು ಸರಿಮಾಡಿಕೊಳ್ಳಲಿಲ್ಲ. "ನಾನೂ," ಎಂದರು. "ಎರಡು ಸಲ." ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಮತ್ತೇನೂ ಹೇಳಲಿಲ್ಲ. ಸೊಸೆ ಅವರನ್ನೇ ನೋಡುತ್ತಿದ್ದರು.

ಆಮೇಲಿನ ಅರ್ಧ ಗಂಟೆಯಲ್ಲಿ ಉಪದೇಶ ಇರಲಿಲ್ಲ, ಆದರೆ ಕೆಲಸಕ್ಕೆ ಬರುವ ಮಾತು ಎಷ್ಟೋ ಬಂತು. ಸಿಟ್ಟು ನೆತ್ತಿಗೇರಿದಾಗ ಮೊದಲು ಹಾಸಿಗೆಯ ಕಟಕಟೆ ಏರಿಸಿ, ಅವರು ಬೀಳದ ಹಾಗೆ ನೋಡಿ, ಆಮೇಲೆ ಕೋಣೆಯಿಂದ ಹೊರಗೆ ಹೋಗಿಬಿಡಿ. ಹಸಿ ಬಟ್ಟೆಯಲ್ಲಿ ಐದು ನಿಮಿಷ ಇದ್ದರೆ ಏನೂ ಆಗುವುದಿಲ್ಲ. ಕತ್ತಲಲ್ಲಿ ಹಿಂದಿನಿಂದ ಹೋಗಿ ಮುಟ್ಟಬೇಡಿ, ದೀಪ ಹಾಕಿ, ಎದುರು ಬಂದು, ಹೆಸರು ಹೇಳಿ, ಏನು ಮಾಡುತ್ತೀರೆಂದು ಹೇಳಿ ಆಮೇಲೆ ಕೈ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿಕೊಳ್ಳಿ. ಅವರು ಚಿವುಟುವುದು ದ್ವೇಷಕ್ಕಲ್ಲ, ಯಾರೋ ಗೊತ್ತಿಲ್ಲದವರು ಬಟ್ಟೆ ಬಿಚ್ಚುತ್ತಿದ್ದಾರೆ ಎಂಬ ಗಾಬರಿಗೆ. ಇದನ್ನೆಲ್ಲ ಹಿಂದೆ ಒಬ್ಬ ತಜ್ಞರು ಇದೇ ಕೋಣೆಯಲ್ಲಿ ಭಾಷಣದಲ್ಲಿ ಹೇಳಿದ್ದರು. ಆ ದಿನ ಯಾರೂ ಬರೆದುಕೊಂಡಿರಲಿಲ್ಲ.

ಬಗೆಹರಿಯದೇ ಉಳಿದದ್ದು

ಎಲ್ಲರಿಗೂ ಇದು ಒಗ್ಗಲಿಲ್ಲ. ಹೊಸದಾಗಿ ಸೇರಿದ್ದ ಒಬ್ಬರು ಎರಡು ಸಭೆ ನೋಡಿ ಬಿಟ್ಟರು. "ನನ್ನ ಅಮ್ಮನಿಗೆ ಕಾಯಿಲೆ ಅಂತ ಗೊತ್ತಾಗಿ ಮೂರು ವಾರ ಆಗಿದೆ. ನನಗೆ ಚೀಟಿಯಲ್ಲಿ ಏನು ಬರೆಯಬೇಕು ಅನ್ನೋದೇ ಗೊತ್ತಿಲ್ಲ. ಯಾರಾದರೂ ಮೊದಲಿಂದ ಹೇಳಿಕೊಡಿ" ಎಂದರು. ಅವರ ಮಾತಲ್ಲಿ ಅನ್ಯಾಯವೇನೂ ಇರಲಿಲ್ಲ. ಪ್ರಶ್ನೆ ಇರುವವರಿಗೆ ಈ ಪದ್ಧತಿ. ಪ್ರಶ್ನೆ ಇನ್ನೂ ಹುಟ್ಟದವರಿಗೆ ಪಾಠ ಬೇಕು, ಭಾಷಣ ಬೇಕು, ಅಚ್ಚು ಹಾಕಿದ ಕಾರ್ಯಸೂಚಿಯೂ ಬೇಕು. ಅವರಿಗಾಗಿ ಬೇರೆ ಏರ್ಪಾಡು ಮಾಡಬೇಕೆಂದು ನನಗೆ ತಡವಾಗಿ ಹೊಳೆಯಿತು, ಅಷ್ಟರಲ್ಲಿ ಅವರು ಫೋನು ಎತ್ತುವುದನ್ನು ನಿಲ್ಲಿಸಿದ್ದರು. ಹಾಗೆಯೇ ದಿನಾಂಕದೊಳಗೆ ತೀರ್ಮಾನವಾಗಬೇಕಾದ ಕೆಲಸ, ಲೆಕ್ಕಪತ್ರ, ಕೋಣೆ ಬದಲಾವಣೆ, ಇಂಥವನ್ನು ಚೀಟಿಗೆ ಬಿಟ್ಟರೆ ಯಾವತ್ತೂ ಮತ ಬೀಳುವುದಿಲ್ಲ. ಅವನ್ನು ಮೊದಲ ಹತ್ತು ನಿಮಿಷದಲ್ಲಿ ನಾನೇ ಮುಗಿಸುತ್ತೇನೆ, ಆ ಹತ್ತು ನಿಮಿಷಕ್ಕೆ ಕಾರ್ಯಸೂಚಿ ಇದೆ ಎಂದು ಹೇಳಿಯೇ ಮುಗಿಸುತ್ತೇನೆ.

ಕೋಣೆಯ ಖರ್ಚು ಕೊಡುವ ಸಂಸ್ಥೆಯವರಿಗೆ ಮುಂದಿನ ಮೂರು ತಿಂಗಳ ವಿಷಯಪಟ್ಟಿ ಬೇಕು. ಇಲ್ಲ ಎಂದರೆ ನಂಬುವುದಿಲ್ಲ. ಕಳೆದ ಮೂರು ತಿಂಗಳ ಚೀಟಿಗಳ ಪಟ್ಟಿಯನ್ನು, ಮಡಚಿದವುಗಳನ್ನು ಬಿಟ್ಟು, ಕಳಿಸುತ್ತಿದ್ದೇನೆ. ಈವರೆಗೆ ಯಾರೂ ದಿನಾಂಕ ಗಮನಿಸಿದಂತಿಲ್ಲ.

ಮಡಚಿದ ಚೀಟಿ ಪ್ರತಿ ತಿಂಗಳೂ ಬರುವುದಿಲ್ಲ. ಏಳನೇ ಸಭೆಯಲ್ಲಿ ಒಂದೂ ಇರಲಿಲ್ಲ, ಕೊನೆಯ 20 ನಿಮಿಷ ಬೇಗ ಮನೆಗೆ ಹೋದೆವು. ಎಂಟನೆಯದರಲ್ಲಿ ಎರಡು ಮೂಲೆ ಮಡಚಿದ್ದು ಒಂದಿತ್ತು. ಅದರ ಬಗ್ಗೆ ಇಲ್ಲಿ ಬರೆಯುವ ಹಾಗಿಲ್ಲ.

ಹತ್ತನೇ ಸಭೆಗೆ ನಾನು ಅರ್ಧ ಗಂಟೆ ತಡ. ಬಾಗಿಲು ತೆಗೆದೇ ಇತ್ತು, ಬೀಗದಕೈ ಮೇಷ್ಟ್ರ ಹತ್ತಿರವೂ ಒಂದಿತ್ತು. ಸುತ್ತು ಕೂತಾಗಿತ್ತು, ಚೀಟಿಗಳಿಗೆ ಸಂಖ್ಯೆ ಬಿದ್ದಾಗಿತ್ತು. ಮರಳು ಗಡಿಯಾರ ಸೊಸೆಯ ಕೈಯಲ್ಲಿತ್ತು. ನನ್ನನ್ನು ನೋಡಿ ಒಂದು ಖಾಲಿ ಚೀಟಿ, ಒಂದು ಪೆನ್ನು ಚಾಚಿದರು. "ಬೇಗ ಬರೀರಿ ಮೇಡಂ, ಡಬ್ಬಿ ತೆರೀತಿದೀವಿ."

ಬರೆದೆ. ನನ್ನ ವಿಷಯಕ್ಕೆ ಬಿದ್ದದ್ದು ಒಂದು ಮತ. ಅದು ನನ್ನದೇ.